ಆಷಾಢಕ್ಕೊಂದು ಹಾಸ್ಟೆಲ್

ಜೂನ್ 9, ಸೋಮವಾರ. ಮಧ್ಯಾಹ್ನ 1.20

ಇವತ್ತೂ ಡಬ್ಬಿಯಲ್ಲಿ ಚಿತ್ರಾನ್ನ. ಇವತ್ತೂ ಅರ್ಧ ಮಾಹಿರಾ ತಿಂದಳು. ಇವತ್ತೂ ಚನ್ನೇಶ್ ತುಮಕೂರಿನ ಕಾಲೇಜಿನ ಗೇಟಿನಲ್ಲಿ ಬೈಕ್ ನಿಲ್ಲಿಸಿಕೊಂಡು, ನಾನು ಮೆಟ್ಟಿಲು ಹತ್ತಿ ಮರೆಯಾಗುವವರೆಗೂ ಹೊರಡಲಿಲ್ಲ. ಗುಬ್ಬಿಯಲ್ಲಿ ಅವನ ಮೋಟಾರು ರಿಪೇರಿ ಅಂಗಡಿ ತೆರೆಯುವುದು ದಿನಾ ಲೇಟು, ನನ್ನಿಂದ. ಅತ್ತೆಯ ಎದುರು ಅವನಿಗೆ 'ರೀ', ಬೈಕಿನ ಮೇಲೆ 'ಲೋ'. ಡಬಲ್ ಲೈಫ್ ಅಂದರೆ ಇದೇ! ಮದುವೆಯಾಗಿ ಇಂದಿಗೆ ಮೂವತ್ತು ದಿನ. ಎಣಿಸುವುದನ್ನು ಯಾವಾಗ ನಿಲ್ಲಿಸುತ್ತೇನೋ. ನಿಲ್ಲಿಸುವುದಿಲ್ಲ.

ಕ್ಲಾಸಿನಲ್ಲಿ ನಲವತ್ತೆರಡು ಜನ. ಎರಡನೇ ಲಿಸ್ಟಿನ ಕಟ್ಟಕಡೆಯ ಸೀಟು ನನ್ನದು. ನಾನು ಬಿ.ಎಸ್ಸಿ. ಮುಗಿಸಿದಾಗ ಪಕ್ಕದಲ್ಲಿ ಕೂರುವ ಮಾಹಿರಾ ಎರಡನೇ ಕ್ಲಾಸು. ಲೆಕ್ಕ ಹಾಕಿ ಇಬ್ಬರೂ ನಕ್ಕೆವು. ಮೂವತ್ತಾರಕ್ಕೆ ಮದುವೆ, ಮೂವತ್ತಾರಕ್ಕೆ ಎಂ.ಎಸ್.ಡಬ್ಲ್ಯೂ. ಬೀದರಿನಲ್ಲಿ ಹನ್ನೆರಡು ವರ್ಷ ಕಾನ್ವೆಂಟಿನ ಎಲ್‌ಕೆಜಿ ಮಕ್ಕಳಿಗೆ ಎ ಫಾರ್ ಆ್ಯಪಲ್ ಹೇಳಿಕೊಟ್ಟು, ಅಮ್ಮನ ಹಾಸಿಗೆ ಪಕ್ಕ ಕೂತು ಕಳೆದಿದ್ದೆಲ್ಲ ಈ ಒಂದು ವರ್ಷದಲ್ಲಿ ಬಡ್ಡಿ ಸಮೇತ ವಾಪಸ್ ಬರುತ್ತಿದೆ ಅನ್ನಿಸುತ್ತದೆ.

ವನಜಾಕ್ಷಿ ಮೇಡಂ ನನ್ನ ಮೊದಲ ರಿಪೋರ್ಟ್ ನೋಡಿ, "ಇಂಗ್ಲಿಷ್ ಚೆನ್ನಾಗಿದೆ. ಆದ್ರೆ ಹಳ್ಳಿಯವರು ಇಂಗ್ಲಿಷಲ್ಲಿ ಅಳಲ್ಲ ಅಲ್ವಾ? ದಿನಾ ಒಂದು ಪುಟ ಕನ್ನಡದಲ್ಲಿ ಬರೀರಿ" ಅಂದರು. ಅದಕ್ಕೇ ಈ ನೋಟ್‌ಬುಕ್.

ಎಂ.ಎಸ್.ಡಬ್ಲ್ಯೂ. ಅಂದರೆ ಏನು ಅಂತ ಅತ್ತೆ ನಿನ್ನೆ ಮತ್ತೆ ಕೇಳಿದರು. ಜನರ ಹತ್ತಿರ ಕೂತು ಅವರ ಕಷ್ಟ ಕೇಳೋದು, ದಾರಿ ಹುಡುಕಿಕೊಡೋದು ಅಂದೆ.

"ಅದನ್ನ ಕಲಿಯಕ್ಕೆ ಎರಡು ವರ್ಷ ಬೇಕಾ? ನಮ್ ಜಗಲಿ ಮೇಲೆ ಕೂತ್ಕೋ, ಎರಡು ದಿನಕ್ಕೆ ಬರ್ತದೆ."

ಐ ಲವ್ ದಿಸ್ ವುಮನ್!

ಜೂನ್ 15, ಭಾನುವಾರ. ಸಂಜೆ

ಆಷಾಢ ಬರುತ್ತಿದೆ. ಇಪ್ಪತ್ತಾರಕ್ಕೆ. ಹೊಸ ಸೊಸೆ ಒಂದು ತಿಂಗಳು ತವರಲ್ಲಿರಬೇಕು, ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು, ಗಂಡ ಹೆಂಡತಿ ಮುಖ ನೋಡಬಾರದು. ತಿಂಗಳು ಕಳೆದ ಮೇಲೆ ಗಂಡನ ಮನೆಯವರು ಸೀರೆ ಹೂವು ತಗೊಂಡು ತವರಿಗೆ ಬಂದು ಕರೆದುಕೊಂಡು ಹೋಗಬೇಕು. ಎಷ್ಟು ರೊಮ್ಯಾಂಟಿಕ್! ಆದರೆ ಬೀದರಿಗೆ ಹೋದರೆ ನನ್ನ ಕಥೆ ಮುಗಿಯಿತು. ಬುಧವಾರ ಶುಕ್ರವಾರ ಫೀಲ್ಡ್‌ವರ್ಕ್. ಅದರಲ್ಲಿ ಶಾರ್ಟೇಜ್ ಆದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಯಾವ ಕಾರಣಕ್ಕೂ ಇಲ್ಲ.

ಊಟದ ಹೊತ್ತಿಗೆ ನಾನೇ ಐಡಿಯಾ ಕೊಟ್ಟೆ. ಮಾಹಿರಾ ಇರುವ ಲೇಡೀಸ್ ಹಾಸ್ಟೆಲಿನಲ್ಲಿ ಒಂದು ತಿಂಗಳು ನಾನೂ ಇರುತ್ತೇನೆ. ಹೊಸಿಲೂ ಬೇರೆ, ಕ್ಲಾಸೂ ತಪ್ಪಲ್ಲ.

ಚನ್ನೇಶ್ ಮುದ್ದೆ ನುಂಗಿ ನೀರು ಕುಡಿದು, "ಸೂಪರ್" ಅಂದ. ಮಾವ ಚನ್ನವೀರಯ್ಯನವರು, "ಹೊಸಿಲು ಬೇರೆ ಆಯ್ತಲ್ಲ, ಬುಡು" ಅಂದರು. ಅತ್ತೆ ಸಾರಿನ ಪಾತ್ರೆ ಒಳಗಿಟ್ಟು ಬಂದು ಹೇಳಿದರು.

"ಹಾಸ್ಟೆಲ್ ತೌರಾಯ್ತದಾ?"

"ಅತ್ತೆ, ಬೀದರ್‌ಗಿಂತ ಹತ್ರದ ತೌರು. ಇನ್ನೂ ಒಳ್ಳೇದಲ್ವಾ?" ಅಂದೆ. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಅದು ನನಗೆ ಈಗ ಬರೆಯುವಾಗ ನೆನಪಾಗುತ್ತಿದೆ.

ಜೂನ್ 23, ಸೋಮವಾರ

ಶಿಫ್ಟ್ ಆಯಿತು. ಮೂರು ಜನರ ರೂಮು. ಕಿಟಕಿ ನನ್ನದು!

ಮನೆ ಬಿಡುವಾಗ ಅತ್ತೆ ಹಣೆಗೆ ವಿಭೂತಿ ಹಚ್ಚಿ, ನನ್ನ ಅಂಗೈ ತಮ್ಮ ಅಂಗೈ ಮೇಲೆ ಇಟ್ಟುಕೊಂಡರು. "ಒಂದೇ ಮಾತು ಕಣಮ್ಮ. ಶ್ರಾವಣ ಬರೋಗಂಟ ಅವ್ನನ್ನ ನೋಡಬೇಡ. ಫೋನಲ್ಲಿ ಮಾತಾಡ್ಕೊಳಿ, ಬೇಡ ಅನ್ನಲ್ಲ. ಎದುರಿಗೆ ಬೇಡ. ಹ್ಞೂಂ ಅನ್ನು."

"ಪ್ರಾಮಿಸ್ ಅತ್ತೆ" ಅಂದೆ.

ಅವರ ಕೈ ತಣ್ಣಗಿತ್ತು. ಒಂದು ತಿಂಗಳಿಗೆ ಇಷ್ಟೊಂದು ಭಾವುಕರಾಗಬೇಕಾ! ಬೀದಿ ಮೂಲೆಯಲ್ಲಿ ಚನ್ನೇಶ್ ಬೈಕಿನ ಹಿಂದೆ ಬಚ್ಚಿಟ್ಟುಕೊಂಡು ಟಾಟಾ ಮಾಡಿದ. ಇಪ್ಪತ್ತಾರಕ್ಕೆ ತಾನೇ ಆಷಾಢ, ಇವತ್ತು ನೋಡಿದ್ದು ಲೆಕ್ಕಕ್ಕಿಲ್ಲ.

ಜುಲೈ 2, ಬುಧವಾರ. ಕುಣಿಗಲ್ ಬಸ್‌ಸ್ಟ್ಯಾಂಡ್

ಫೀಲ್ಡ್‌ವರ್ಕಿನ ಹಳ್ಳಿ ಕೊತ್ತಗೆರೆಯಿಂದ ವಾಪಸ್. ಬಸ್ಸಿಗೆ ಕಾಯುತ್ತ ಬರೆಯುತ್ತಿದ್ದೇನೆ.

ನನಗೆ ಕೊಟ್ಟಿರುವುದು ವೃದ್ಧಾಪ್ಯ ವೇತನ ನಿಂತುಹೋದವರ ಕೇಸುಗಳು. ಚಿಕ್ಕಮಾರಮ್ಮ ಅಂತ ಒಬ್ಬರು. ಬೆರಳಚ್ಚು ಮಷಿನ್ ಅವರ ಬೆರಳು ಹಿಡಿಯುವುದಿಲ್ಲ, ಸವೆದು ಹೋಗಿದೆ. ಅದನ್ನು ಬಿಟ್ಟು ನನ್ನ ಬೆರಳು ಹಿಡಿದು ಉಗುರಲ್ಲಿ ಉಳಿದಿದ್ದ ಮೆಹಂದಿಯ ಕಲೆ ನೋಡಿದರು.

"ಹೊಸ ಹೆಣ್ಣಾ? ಆಷಾಢದಾಗೆ ಇಲ್ಲೇನ್ ಮಾಡ್ತಿದ್ದೀಯವ್ವ? ತೌರಿಲ್ವಾ?"

"ಇದೆ ಅಜ್ಜಿ, ಬೀದರಲ್ಲಿ."

"ಅದೆಲ್ಲೈತೆ?"

"ಒಂದು ರಾತ್ರಿ ಪೂರ್ತಿ ಬಸ್ಸಲ್ಲಿ ಹೋಗಬೇಕು."

"ಅಷ್ಟು ದೂರದಿಂದ ಬಂದು ಗಂಡನ್ನೂ ಬುಟ್ಟು ನನ್ ಬೆಳ್ಳು ನೋಡಕ್ಕೆ ಬಂದ್ಯಾ? ಹುಚ್ಚುಮುಂಡೆ!" ಅಂದು ಒಂದು ಬಾಳೆಹಣ್ಣು ಕೊಟ್ಟರು.

ಒಂದೂವರೆ ಗಂಟೆ ಕೂತಿದ್ದೆ. ಅವರು ಮಾತಾಡಿದರು, ನಾನು ಕೇಳಿದೆ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಒಬ್ಬ ಸೋಷಿಯಲ್ ವರ್ಕರ್ ಬಂದು ನನ್ನ ಪಕ್ಕ ಹೀಗೇ ಕೂತಿದ್ದರು. ಔಷಧಿಯ ಬಗ್ಗೆ ಏನೂ ಹೇಳಲಿಲ್ಲ. 'ನೀವು ಊಟ ಮಾಡಿದ್ರಾ?' ಅಂತ ಕೇಳಿದರು. ಎಂಟು ತಿಂಗಳಲ್ಲಿ ಅದನ್ನು ಕೇಳಿದ ಮೊದಲನೆಯವರು. ಆ ಹೆಂಗಸಿನಂತೆ ಆಗಬೇಕು. ಇಷ್ಟೇ ನನ್ನ ಆ್ಯಂಬಿಷನ್. ಇಷ್ಟು ಸಿಂಪಲ್ ಆದದ್ದನ್ನು ಯಾರಿಗೂ ಹೇಳಿಲ್ಲ, ಚನ್ನೇಶ್‌ಗೆ ಬಿಟ್ಟು.

ಜುಲೈ 12, ಶನಿವಾರ. ಬೆಳಿಗ್ಗೆ 10

ತಡೆಯಲಾಗುತ್ತಿಲ್ಲ. ಹದಿನೇಳು ದಿನ! ವಿಡಿಯೋ ಕಾಲ್‌ನಲ್ಲಿ ಅವನ ಮೂಗು ಮಾತ್ರ ಕಾಣುತ್ತದೆ. ಇವತ್ತು ಹಾಫ್ ಡೇ. ಗುಬ್ಬಿಗೆ ಹೋಗುತ್ತೇನೆ, ಹೇಳದೇ! ಸರ್‌ಪ್ರೈಸ್!

ಮಾಹಿರಾ ಹಾಸಿಗೆಯಿಂದಲೇ ಹೇಳಿದಳು. "ಅಕ್ಕಾ, ಅತ್ತೆಗೆ ಪ್ರಾಮಿಸ್ ಮಾಡಿದ್ರಿ."

"ಅವರ ಮನೆಯಲ್ಲಿ ತಾನೇ ನೋಡಬಾರದು? ಅಂಗಡಿ ಅಂಗಡಿ ಕಣೇ."

"ನಮ್ ಭಾಭಿ ಆಷಾಢ ಇಲ್ದೇನೂ ಆರು ತಿಂಗ್ಳು ತೌರಲ್ಲೇ ಇರ್ತಾಳೆ. ನಿಮಗೆ ಹದಿನೇಳು ದಿನಕ್ಕೇ ಹಿಂಗಾ!"

ಹಸಿರು ಕುರ್ತಾ. ದಾರಿಯಲ್ಲಿ ಮೈಸೂರ್‌ಪಾಕ್ ತಗೋಬೇಕು, ಮೆತ್ತಗಿರುವುದು.

ಜುಲೈ 16, ಬುಧವಾರ

ಫೀಲ್ಡಿಗೆ ಹೋಗಲಿಲ್ಲ. ಬರೆದರೆ ತಲೆ ಸರಿಯಾಗಬಹುದು.

ಶನಿವಾರ ಅಂಗಡಿಯಲ್ಲಿ ಒಬ್ಬನೇ ಇದ್ದ. ಯಾರದೋ ಬೋರ್‌ವೆಲ್ಲಿನ ಮೋಟಾರು, ಹೊಸ ತಂತಿ ಸುತ್ತುವ ರಿವೈಂಡಿಂಗ್ ಮುಗಿಸಿ ಟೆಸ್ಟಿಗೆ ಇಟ್ಟಿದ್ದ. ನನ್ನನ್ನು ನೋಡಿ ಅವನ ಮುಖ... ಆ ಮುಖವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅಷ್ಟು ಖುಷಿ ಯಾರೂ ನನ್ನನ್ನು ನೋಡಿ ಪಟ್ಟಿಲ್ಲ.

"ಕೈಯೆಲ್ಲ ವಾರ್ನಿಷ್ ಕಣೇ, ನೀನೇ ತಿನ್ನಿಸು" ಅಂದ. ಬಲಗೈಯಲ್ಲಿ ವೈರು ಹಿಡಿದುಕೊಂಡೇ ಇದ್ದ. ಬೋರ್ಡಿನ ಸ್ವಿಚ್ ಆನ್ ಇತ್ತು. ಅವನಿಗೂ ಗೊತ್ತಿತ್ತು, ನನಗೂ ಕೆಂಪು ದೀಪ ಕಾಣುತ್ತಿತ್ತು.

ನಾನು ಕಣ್ಣು ಮುಚ್ಚು ಅಂದೆ.

ಮುಚ್ಚಿದ.

ಶಬ್ದ ಬರೆಯಲಾರೆ. ಪಕ್ಕದ ಟೀ ಅಂಗಡಿಯವರು ಬಂದು ಮೇನ್ ಎಳೆದರು. ಅವನ ಜೀವಕ್ಕೆ ಏನೂ ಆಗಲಿಲ್ಲ. ಬಲಗೈಯ ತೋರುಬೆರಳು, ನಡುಬೆರಳು. ಸುಟ್ಟಿದ್ದು ಆಳಕ್ಕೆ ಹೋಗಿದೆ, ತೊಡೆಯಿಂದ ಚರ್ಮ ತೆಗೆದು ಹಾಕಬೇಕು ಅಂದರು ಡಾಕ್ಟರು. ಕಾಯಿಲ್ ಸುತ್ತುವಾಗ ತಂತಿಯ ಬಿಗಿ ನೋಡುವುದು ಆ ಎರಡು ಬೆರಳಲ್ಲೇ.

ತುಮಕೂರಿನ ಆಸ್ಪತ್ರೆಗೆ ನಾನೇ ಕರೆತಂದೆ. ಅತ್ತೆ ಮಾವ ಬಂದಾಗ ಬೆಡ್ಡಿನ ಪಕ್ಕ ನಾನಿದ್ದೆ. ಮಾವ ಒಳಗೆ ಬಂದರು. ಅತ್ತೆ ಬರಲಿಲ್ಲ. ವಾರ್ಡಿನ ಬಾಗಿಲಿನ ಆಚೆ, ಗೋಡೆಗೆ ಒರಗಿ ನಿಂತರು. ಮಗ ಒಳಗಿದ್ದಾನೆ, ಕೈಗೆ ಬಟ್ಟೆ ಸುತ್ತಿದ್ದಾರೆ, ಆದರೂ ಒಳಗೆ ಕಾಲಿಡುತ್ತಿಲ್ಲ. ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಆ ಬಾಗಿಲನ್ನು ನಾನು ದಾಟಿದ್ದೆನಲ್ಲ. ನಾನು ಒಳಗಿರುವಾಗ ಅವರು ದಾಟುವುದಿಲ್ಲ.

ನಾನು ಹೊರಗೆ ಬಂದೆ. "ಅತ್ತೆ..." ಅಂದೆ. ಅವರು ನನ್ನತ್ತ ನೋಡದೆ, ನಾನು ಕಾರಿಡಾರಿನ ತುದಿ ತಲುಪುವವರೆಗೆ ಕಾದು ಒಳಗೆ ಹೋದರು.

ಬೈಯಲಿಲ್ಲ.

ಜುಲೈ 24, ಗುರುವಾರ. ಭೀಮನ ಅಮಾವಾಸ್ಯೆ

ಹೊಸ ಹೆಂಡತಿ ಇವತ್ತು ಗಂಡನ ಪಾದ ಪೂಜೆ ಮಾಡಬೇಕಂತೆ. ವಿಡಿಯೋ ಕಾಲ್ ಮಾಡಿದೆ. ಕಟ್ ಮಾಡಿ ಮೆಸೇಜ್ ಹಾಕಿದ: ಅಮ್ಮ ಪಕ್ಕದಲ್ಲಿದ್ದಾರೆ.

ಆಷಾಢ ಮುಗಿಯಿತು! ನಾಳೆ ಶ್ರಾವಣ. ಬಟ್ಟೆಯೆಲ್ಲ ಮಡಚಿ ಸೂಟ್‌ಕೇಸಿಗೆ ಹಾಕಿದ್ದೇನೆ. ನಾಳೆ ಬರುತ್ತಾರೆ. ನಾಳೆ ಶುಕ್ರವಾರ ಬೇರೆ, ಫೀಲ್ಡಿಗೆ ಹೋಗುವುದಿಲ್ಲ. ಕರೆಯಲು ಬಂದವರ ಕಾಲು ಹಿಡಿದು ಕ್ಷಮೆ ಕೇಳುತ್ತೇನೆ. ಎಲ್ಲ ಸರಿಹೋಗುತ್ತದೆ. ಅವರು ನನ್ನ ಅತ್ತೆ.

ಜುಲೈ 25, ಶುಕ್ರವಾರ

ಬರಲಿಲ್ಲ.

ಜುಲೈ 29, ಮಂಗಳವಾರ

ಪಂಚಮಿ. ಸೂಟ್‌ಕೇಸಿನಿಂದ ದಿನಕ್ಕೊಂದು ಜೊತೆ ಬಟ್ಟೆ ತೆಗೆಯುತ್ತಿದ್ದೇನೆ. ಪೂರ್ತಿ ಬಿಚ್ಚಿಡಲು ಮನಸ್ಸಿಲ್ಲ.

ಆಗಸ್ಟ್ 3, ಭಾನುವಾರ

ಚನ್ನೇಶ್ ಬಂದಿದ್ದ. ಹಾಸ್ಟೆಲ್ ಗೇಟಿನ ಹೊರಗೆ, ಬೈಕಿಲ್ಲದೆ, ಆಟೋದಲ್ಲಿ. ಕೈ ಕೊರಳಿಗೆ ಕಟ್ಟಿತ್ತು. ಎದುರಿನ ಜ್ಯೂಸ್ ಅಂಗಡಿಯ ಬೆಂಚಿನ ಮೇಲೆ ಕೂತೆವು. ಮಾತು ಮಾತಾಗಿ ಬರೆದಿಡುತ್ತೇನೆ, ಯಾಕೆಂದರೆ ಆಮೇಲೆ ನಾನು ಇದನ್ನು ಬದಲಾಯಿಸಿಕೊಂಡು ನೆನಪಿಟ್ಟುಕೊಳ್ಳುತ್ತೇನೆ. ನನ್ನ ಸ್ವಭಾವ ಅದು.

"ಅಣ್ಣ ಆಕ್ಸಿಡೆಂಟಲ್ಲಿ ಹೋದ ಅಂತ ಹೇಳಿದ್ನಲ್ಲ."

"ಹ್ಞೂಂ. ಪ್ರಭುದೇವ ಭಾವ."

"ಮದುವೆಯಾಗಿ ಹನ್ನೊಂದ್ನೇ ತಿಂಗ್ಳು. ಕುಣಿಗಲ್ ರೋಡಲ್ಲಿ. ದೀಪಿಕಾ ಅತ್ತಿಗೆ ಬ್ಯಾಂಕಲ್ಲಿದ್ರು, ಲೀವ್ ಸಿಗ್ಲಿಲ್ಲ, ಆಷಾಢಕ್ಕೆ ತೌರಿಗೆ ಹೋಗ್ಲಿಲ್ಲ. ಅಷ್ಟೇ."

"ಅಷ್ಟೇ ಅಂದ್ರೆ?"

"ಅಷ್ಟೇ ಅಂದ್ರೆ ಅಷ್ಟೇ ಕಣೇ. ಅಮ್ಮಂಗೆ ಸಿಕ್ಕಿದ್ದು ಅದೊಂದೇ ಕಾರಣ."

ಬುಧವಾರ, ಶುಕ್ರವಾರ ನಾನು ಹೋಗಿಬರುವ ರಸ್ತೆ ಅದೇ. ಮನೆಯಲ್ಲಿ ಯಾರೂ ಹೇಳಿರಲಿಲ್ಲ.

"ಮೊದಲೇ ಯಾಕೆ ಹೇಳಲಿಲ್ಲ ಚನ್ನೇಶ್? ತಮಾಷೆ ಅಂದ್ಕೊಂಡಿದ್ದೆ ನಾನು. ಊಟದ ಹೊತ್ತಲ್ಲಿ ಜೋಕ್ ಮಾಡಿದೆ ಅವರೆದುರಿಗೆ!"

"ಹೇಳಿದ್ರೆ ನೀನು ಬೀದರ್‌ಗೆ ಹೋಗ್ಬಿಡ್ತಿದ್ದೆ." ಜ್ಯೂಸಿನ ಗ್ಲಾಸನ್ನು ಎಡಗೈಯಲ್ಲಿ ತಿರುಗಿಸುತ್ತಿದ್ದ. "ನಂಗೆ ನೀನು ಇಲ್ಲೇ ಬೇಕಿತ್ತು."

ಆಮೇಲೆ ಬಂದ ವಿಷಯ ಹೇಳಿದ. ಅತ್ತೆಯ ಮಾತು ಒಂದೇ. ಮದುವೆಯಾಗಿ ವರ್ಷ ತುಂಬಲಿ. ಮುಂದಿನ ಮೇ. ಅಲ್ಲಿಯವರೆಗೆ ನಾನು ಬೀದರಿನಲ್ಲಿ, ನಿಜವಾದ ತವರಿನಲ್ಲಿ ಇರಬೇಕು. ವರ್ಷ ತುಂಬಿದ ದಿನ ಅವರೇ ಖುದ್ದಾಗಿ ಬೀದರಿಗೆ ಬಂದು ಮಡಿಲು ತುಂಬಿ ಕರೆದುಕೊಂಡು ಬರುತ್ತಾರೆ.

"ಕಾಲೇಜು?"

"ಮುಂದಿನ ವರ್ಷ ಸೇರ್ಕೋ."

"ಮೂವತ್ತೇಳಕ್ಕೆ?"

"ಮೂವತ್ತಾರಕ್ಕೆ ಸೇರ್ಲಿಲ್ವಾ?"

ಇಬ್ಬರಿಗೂ ನಗು ಬಂತು. ಆ ಒಂದು ನಿಮಿಷ ಎಲ್ಲ ಮೊದಲಿನ ಹಾಗೇ ಇತ್ತು.

"ಇಲ್ಲೇ ಹಾಸ್ಟೆಲಲ್ಲೇ ಇರ್ತೀನಿ" ಅಂದೆ. "ವರ್ಷ ಪೂರ್ತಿ. ಬರಲ್ಲ, ನೋಡಲ್ಲ. ಓದು ಮಾತ್ರ ಬಿಡಿಸಬೇಡಿ."

"ಆಗಲ್ಲ ಅನು. ನೀನು ಇದೇ ಊರಲ್ಲಿದ್ರೆ ನಾನು ಬರ್ದೇ ಇರಕ್ಕಾಗಲ್ಲ. ಅಮ್ಮಂಗೂ ಅದು ಗೊತ್ತು."

ಇದಕ್ಕಿಂತ ಒಳ್ಳೆಯ ಮಾತನ್ನು ಅವನು ನನಗೆ ಹೇಳಿಯೇ ಇಲ್ಲ. ಅದೇ ನನ್ನನ್ನು ಓಡಿಸಲು ಕಾರಣ.

ಆಗಸ್ಟ್ 5, ಮಂಗಳವಾರ

ವನಜಾಕ್ಷಿ ಮೇಡಂ ಹತ್ತಿರ, ಯಾರದೋ ಕೇಸ್ ಅನ್ನುವ ಹಾಗೆ ಕೇಳಿದೆ. ಒಂದು ವರ್ಷ ಬಿಟ್ಟು ಮತ್ತೆ ಬಂದರೆ ಸೀಟು ಇರುತ್ತದಾ?

"ಹೊಸ ಅರ್ಜಿ, ಹೊಸ ಲಿಸ್ಟು. ನೀವು ಈ ಸಲ ಬಂದಿದ್ದೇ ಕೊನೆಯ ಸೀಟಲ್ಲಿ ಅನುಪಮಾ" ಅಂದರು. ನನ್ನದೇ ಅಂತ ಗೊತ್ತಾಗಿತ್ತು. "ಹದಿನೈದು ವರ್ಷದ ಹಿಂದಿನ ಮಾರ್ಕ್ಸ್ ಹಿಡ್ಕೊಂಡು ಪ್ರತಿ ವರ್ಷ ಸಿಗಲ್ಲ ಅದು. ಫೀಲ್ಡ್‌ವರ್ಕ್ ಎರಡು ದಿನ ತಪ್ಪಿಸಿದ್ದೀರಿ. ಇನ್ನು ಒಂದು ದಿನವೂ ಬೇಡ."

ಆಮೇಲೆ ಎದ್ದು ಬಾಗಿಲು ಹಾಕಿ ಕೇಳಿದರು: "ಊಟ ಮಾಡಿದ್ರಾ?"

ಅಲ್ಲೇ, ಅವರ ಟೇಬಲ್ಲಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಆಗಸ್ಟ್ 8, ಶುಕ್ರವಾರ

ವರಮಹಾಲಕ್ಷ್ಮಿ. ಮದುವೆಯಾದ ಮೊದಲ ವರ್ಷದ್ದು. ಕೊತ್ತಗೆರೆಗೆ ಹೋದೆ. ಹಬ್ಬದ ದಿನ ಯಾರೂ ಮಾತಿಗೆ ಸಿಗಲಿಲ್ಲ. ಚಿಕ್ಕಮಾರಮ್ಮ ಒಬ್ಬಟ್ಟು ಕೊಟ್ಟರು. ಪಿಂಚಣಿ ಇನ್ನೂ ಬಂದಿಲ್ಲ.

ಆಗಸ್ಟ್ 26, ಮಂಗಳವಾರ. ಗೌರಿ ಹಬ್ಬ

ಬೀದರಿನಿಂದ ಅಣ್ಣ ಸೋಮಶೇಖರನ ಫೋನು.

"ಬಂದ್ ಬಿಡವಾ. ಒಂದ್ ವರ್ಷ ಹೆಂಗಾರ ಹೋಗ್ತದ."

"ಓದು ಅಣ್ಣ."

"ಓದ ಓದ ಅಂತ ಕುಂತಿ ಅಂದ್ರ ಮನಿ ಹೋಗ್ತದ ನೋಡು. ಮೂವತ್ತಾರಕ್ಕ ಹುಡುಕಿ ಹುಡುಕಿ ಮಾಡೀವಿ."

ಆಮೇಲೆ ಅತ್ತಿಗೆ ಫೋನ್ ತಗೊಂಡು, ಅಮ್ಮನ ರೂಮಿನಲ್ಲಿ ಈಗ ಮಕ್ಕಳು ಮಲಗುತ್ತಾರೆ, ಆದರೂ ಅಡ್ಜಸ್ಟ್ ಮಾಡೋಣ ಅಂದಳು. ಒಳ್ಳೆಯವಳು. 'ಆದರೂ' ಅನ್ನುವುದರಲ್ಲಿ ಎಲ್ಲ ಇತ್ತು.

ಎಲ್ಲರೂ ನನ್ನನ್ನು ತವರಿಗೆ ಕಳಿಸುತ್ತಿದ್ದಾರೆ. ಅಮ್ಮ ಹೋದ ದಿನವೇ ಅದು ಅಣ್ಣನ ಮನೆಯಾಯಿತು ಅಂತ ಯಾರಿಗೆ ಹೇಳಲಿ.

ಸೆಪ್ಟೆಂಬರ್ 13, ಶನಿವಾರ

ಚನ್ನೇಶ್ ಬಂದು ನಲವತ್ತೊಂದು ದಿನ. ಇದೇ ಊರಲ್ಲಿದ್ದೇನೆ. ಬರದೇ ಇರಲಾಗುವುದಿಲ್ಲ ಅಂದಿದ್ದ. ಆಗುತ್ತದೆ.

ಫೋನು ಮೊದಲು ದಿನಾ ಇತ್ತು, ಆಮೇಲೆ ದಿನ ಬಿಟ್ಟು ದಿನ, ಈಗ ನಾನೇ ಮಾಡಬೇಕು. ಕೈ ಹೇಗಿದೆ ಅಂದರೆ "ಪರ್ವಾಗಿಲ್ಲ" ಅನ್ನುತ್ತಾನೆ. ನಡುಬೆರಳು ಮಡಚಲು ಬರುತ್ತಿಲ್ಲವಂತೆ. ಅಂಗಡಿಗೆ ಕೆಲಸದವರನ್ನು ಇಟ್ಟಿದ್ದಾನೆ, ತಾನು ಕೂತು ಹೇಳುತ್ತಾನೆ. ಮೊನ್ನೆ ಕೇಳಿದೆ, ನಿನಗೂ ಭಯಾನಾ? "ಅಣ್ಣನ್ನ ಆಸ್ಪತ್ರೆಯಿಂದ ತಂದೋನು ನಾನೇ ಅಲ್ವಾ ಅನು" ಅಂದ.

ನಾಳೆ ಮರಳೂರಿಗೆ, ಅತ್ತೆಯ ಮನೆಗೆ ಹೋಗುತ್ತೇನೆ. ಪರೀಕ್ಷೆಯ ಫಾರ್ಮಿಗೆ ಡಿಗ್ರಿ ಸರ್ಟಿಫಿಕೇಟ್ ಒರಿಜಿನಲ್ ಬೇಕು. ಅದು ನಮ್ಮ ಬೀರುವಿನಲ್ಲಿದೆ, ನನ್ನ ಸೀರೆಗಳ ಕೆಳಗೆ. ತೆಗೆಯಲು ನಾನೇ ಒಳಗೆ ಹೋಗಬೇಕಲ್ಲ!

ಸೆಪ್ಟೆಂಬರ್ 14, ಭಾನುವಾರ. ಸಂಜೆ 5

ಅತ್ತೆ ಜಗಲಿ ಮೇಲೆ ಮೊರದಲ್ಲಿ ಹುರುಳಿ ಆರಿಸುತ್ತ ಕೂತಿದ್ದರು. ಮಾವ ಗೇಟು ತೆಗೆದು "ಬಾರಮ್ಮ" ಅಂದವರು, ಅತ್ತೆಯ ಮುಖ ನೋಡಿ ನಿಲ್ಲಿಸಿ, ಗಿಡಕ್ಕೆ ನೀರು ಹಾಕಲು ಹೋದರು. ಗಿಡ ಆಗಲೇ ಒದ್ದೆಯಾಗಿತ್ತು.

ಮೆಟ್ಟಿಲಿಗೆ ಕಾಲಿಟ್ಟೆ.

"ಅಲ್ಲೇ ಕೂತ್ಕೋಮ್ಮ. ಏನ್ ಬೇಕು, ನಾನ್ ತಂದ್ಕೊಡ್ತೀನಿ."

ಸರ್ಟಿಫಿಕೇಟ್ ಅಂದೆ. ಎದ್ದು ಹೋದರು. ಹಾಲಿನಲ್ಲಿ ಟಿ.ವಿ. ಓಡುತ್ತಿತ್ತು, ಕ್ರಿಕೆಟ್ಟು. ಬಾಗಿಲಲ್ಲಿ ಚನ್ನೇಶನ ಚಪ್ಪಲಿ. ಅತ್ತೆ ಫೈಲು ತಂದರು, ಪೂರ್ತಿ ಫೈಲು. ಜೊತೆಗೆ ನನ್ನ ಸ್ವೆಟರು. "ಚಳಿ ಶುರುವಾಯ್ತದೆ" ಅಂದರು. ಮತ್ತೆ ಒಳಗೆ ಹೋಗಿ ಕಾಫಿ, ಕೋಡುಬಳೆ ತಂದರು. ಪಕ್ಕದಲ್ಲೇ ಕೂತರು. ಜಗಲಿ ಹೊಸಿಲಿನ ಆಚೆ ತಾನೇ, ಅಲ್ಲಿ ಕೂರಬಹುದು.

ನಾನು ಹೇಳಿಬಿಟ್ಟೆ. ದಾರಿಯುದ್ದಕ್ಕೂ ತಯಾರಿ ಮಾಡಿಕೊಂಡು ಹೋಗಿದ್ದೆ. "ಅತ್ತೆ, ಅದು ಆಷಾಢದಿಂದ ಆಗಿದ್ದಲ್ಲ. ನನ್ನಿಂದ ಆಗಿದ್ದು. ವೈರು ಕೈಯಲ್ಲಿತ್ತು, ಲೈನ್ ಆನ್ ಇತ್ತು. ನಾನು ಕಣ್ಣು ಮುಚ್ಚು ಅಂದೆ, ಸ್ವೀಟ್ ತಿನ್ನಿಸಕ್ಕೆ. ದೇವರಾಣೆ ಅತ್ತೆ, ನನ್ನ ದಡ್ಡತನ. ಅದಕ್ಕೆ ನನ್ನನ್ನ ಬೈರಿ, ಹೊಡೀರಿ. ಆದ್ರೆ ತಿಂಗಳು, ತಿಥಿ, ಇವೆಲ್ಲ..."

"ಗೊತ್ತು ಕಣಮ್ಮ. ಅವ್ನೇ ಹೇಳ್ದ."

ಹುರುಳಿಯಲ್ಲಿ ಒಂದು ಕಲ್ಲು ಸಿಕ್ಕಿತು. ಎಸೆದರು.

"ಅದನ್ನೇ ಕಣಮ್ಮ ಆಷಾಢ ಅನ್ನದು. ಹೊಸದ್ರಲ್ಲಿ ಎರಡಕ್ಕೂ ತಲೆ ನೆಟ್ಟಗಿರಲ್ಲ. ಕೈಯಾಗೇನೈತೆ, ಕಾಲಡಿ ಏನೈತೆ ಕಾಣ್ಸಲ್ಲ. ನನ್ ದೊಡ್ಡೋನು ಆವತ್ತು ಅಷ್ಟು ಜೋರಾಗಿ ಗಾಡಿ ಓಡಿಸ್ಕೊಂಡು ಬಂದಿದ್ದು ಯಾಕೆ? ಅವಳಿಗೆ ಬ್ಯಾಂಕ್ ಬಿಡೋ ಹೊತ್ತಾಯ್ತು ಅಂತ. ನಾವೇನು ದಡ್ಡರು ಅಂದ್ಕೊಂಡಿದ್ದೀಯಾ?"

ಇಷ್ಟು ಪುಸ್ತಕ ಓದಿದ್ದೇನೆ, ಒಂದರಲ್ಲೂ ಉತ್ತರವಿಲ್ಲ.

"ನಿನ್ ಮೇಲೆ ಕೋಪ ಇಲ್ಲ. ನೀನು ಒಳ್ಳೆ ಮಗಾನೇ. ಭಯ ಕಣಮ್ಮ, ಭಯ. ನಂಗೆ ಇನ್ನೊಬ್ನಿಲ್ಲ."

ಅಷ್ಟು ಹೊತ್ತಿಗೆ ಟಿ.ವಿ.ಯ ಸದ್ದು ಕಡಿಮೆಯಾಗಿತ್ತು. ಅಂದರೆ ಅವನು ಕೇಳಿಸಿಕೊಳ್ಳುತ್ತಿದ್ದ. ನಾನು ಕಾಫಿ ಮುಗಿಸಿದೆ. ಲೋಟ ತೊಳೆದಿಡಲು ಎದ್ದೆ, ಅಭ್ಯಾಸ. ಅತ್ತೆ ಕೈಯಿಂದ ತಗೊಂಡರು. ನಾನು ಗೇಟಿನವರೆಗೆ ನಿಧಾನವಾಗಿ ನಡೆದೆ, ಎಷ್ಟು ನಿಧಾನ ಅಂದರೆ ಮಾವನಿಗೆ ನಾಚಿಕೆಯಾಗುವಷ್ಟು.

ಅವನು ಹೊರಗೆ ಬರಲಿಲ್ಲ.

ಗೇಟಿನ ಹತ್ತಿರ ಅತ್ತೆ ಕೂಗಿ ಹೇಳಿದರು. "ಬೀದರ್‌ಗೆ ಹೋಗಮ್ಮ. ಮೇ ತಿಂಗ್ಳು ನಾನೇ ಬರ್ತೀನಿ."

ಸುಳ್ಳು ಹೇಳುವವರಲ್ಲ ಅವರು. ಬರುತ್ತಾರೆ. ನನಗೆ ಸಿಗುವುದು ಒಂದೇ: ಎರಡು ವರ್ಷದ ಓದು, ಇಲ್ಲವೇ ಆ ಹೊಸಿಲು. ಎರಡೂ ಕೇಳಿದ್ದೆ. ದುರಾಸೆ ಅಂತ ನನಗೆ ಅನ್ನಿಸಿರಲಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಬಸ್ಸು ಕುಣಿಗಲ್ ರಸ್ತೆಯಲ್ಲಿ ಹೋಗುವಾಗ ಈಗ ಕಣ್ಣು ಮುಚ್ಚಿಕೊಳ್ಳುತ್ತೇನೆ. ಯಾವ ಜಾಗ ಅಂತ ಗೊತ್ತಿಲ್ಲ, ಅದಕ್ಕೇ ಇಡೀ ರಸ್ತೆ. ಅವನಿಗೆ ಫೋನ್ ಮಾಡುವ ಮೊದಲು ಕ್ಯಾಲೆಂಡರಿನಲ್ಲಿ ರಾಹುಕಾಲ ನೋಡುತ್ತೇನೆ. ನಾನು! ಮಾಹಿರಾ ನೋಡಿದಳು, ಏನೂ ಅನ್ನದೆ ಕ್ಯಾಲೆಂಡರ್ ತನ್ನ ಮಂಚದ ಕಡೆಗೆ ತಿರುಗಿಸಿ ನೇತುಹಾಕಿದಳು.

ಸೆಪ್ಟೆಂಬರ್ 30, ಮಂಗಳವಾರ

ಒಂದು ಸಾಲು ಹದಿನೈದು ಸಲ ಓದುತ್ತೇನೆ. ಕೇಸ್‌ವರ್ಕ್: 'ಕಕ್ಷಿಗಾರರ ನಂಬಿಕೆಗಳನ್ನು ತೀರ್ಪು ನೀಡದೆ ಸ್ವೀಕರಿಸುವುದು.' ಸ್ವೀಕರಿಸಿದೆ. ಮುಂದೆ?

ಅವನಿಗೆ ಫೋನ್ ಮಾಡಿದೆ.

"ಚನ್ನೇಶ್, ಒಂದೇ ಒಂದು ಕೇಳ್ತೀನಿ. ಆರನೇ ತಾರೀಖು ಮೊದಲ ಪೇಪರ್. ನೀನು ಬಂದು ನನ್ನನ್ನ ಸೆಂಟರಿಗೆ ಬಿಡು. ಮನೆಗೆ ಬೇಡ, ಮಾತಾಡೋದೂ ಬೇಡ. ಹಾಸ್ಟೆಲ್ ಗೇಟಿಂದ ಸೆಂಟರ್ ಗೇಟಿಗೆ. ಹದಿನೈದು ನಿಮಿಷ."

"ಕೈ..."

"ಆಟೋದಲ್ಲಿ. ಪಕ್ಕದಲ್ಲಿ ಕೂತ್ಕೋ ಸಾಕು. ನೀನು ಪಕ್ಕದಲ್ಲಿದ್ದರೆ ನಾನು ಬರೀತೀನಿ. ಇಲ್ಲದಿದ್ರೆ ನನಗೆ ಏನೂ ನೆನಪಾಗಲ್ಲ ಕಣೋ."

ಆ ಕಡೆ ಅಂಗಡಿಯಲ್ಲಿ ಯಾವುದೋ ಮೋಟಾರು ಓಡುತ್ತಿತ್ತು. ಅದು ನಿಂತಿತು.

"ಬರ್ತೀನಿ. ಒಂಬತ್ತಕ್ಕೆ ಗೇಟಲ್ಲಿರ್ತೀನಿ."

"ಪ್ರಾಮಿಸ್?"

"ಬರ್ತೀನಿ ಅಂದ್ನಲ್ಲ ಕಣೇ."

ಆಮೇಲೆ ಎರಡು ಚಾಪ್ಟರ್ ಓದಿದೆ, ಒಂದೇ ಉಸಿರಿಗೆ!

ಅಕ್ಟೋಬರ್ 6, ಸೋಮವಾರ. ಬೆಳಿಗ್ಗೆ 8.50

ಗೇಟಿನ ಪಕ್ಕದ ಕಟ್ಟೆ ಮೇಲೆ ಕೂತಿದ್ದೇನೆ. ಹಾಲ್ ಟಿಕೆಟ್, ಎರಡು ಪೆನ್ನು, ನೀರು. ಹತ್ತಕ್ಕೆ ಪರೀಕ್ಷೆ. ಹತ್ತೂವರೆಯ ಮೇಲೆ ಒಳಗೆ ಬಿಡುವುದಿಲ್ಲ.

9.15

ಮಾಹಿರಾ ಹೊರಟಳು. "ಬನ್ನಿ ಅಕ್ಕಾ, ಒಟ್ಟಿಗೇ ಹೋಗೋಣ. ಅವರು ಅಲ್ಲಿಗೇ ಬರ್ತಾರೆ ಬಿಡಿ."

"ಇಲ್ಲಿ ಗೇಟಲ್ಲಿ ಅಂದಿದ್ದಾನೆ. ಬಂದು ನಾನಿಲ್ಲದಿದ್ರೆ ಬೇಜಾರು ಮಾಡ್ಕೋತಾನೆ."

ಅವಳು ನನ್ನನ್ನು ನೋಡಿದ ರೀತಿ. ಇಪ್ಪತ್ತೆರಡರ ಹುಡುಗಿ, ನಾನು ಅವಳ ಕಿರಿಯ ತಂಗಿ ಅನ್ನುವಂತೆ.

9.40

ಫೋನ್ ರಿಂಗ್ ಆಗುತ್ತದೆ, ಎತ್ತುತ್ತಿಲ್ಲ. ಬರುತ್ತಿರಬೇಕು. ಆಟೋದ ಸದ್ದಿನಲ್ಲಿ ಕೇಳಿಸುವುದಿಲ್ಲ.

9.55

ಒಂದು ಆಟೋವನ್ನು ನಿಲ್ಲಿಸಿಕೊಂಡಿದ್ದೇನೆ. ಬಂದ ತಕ್ಷಣ ಇಬ್ಬರೂ ಹತ್ತಿಬಿಡಬಹುದು ಅಂತ.

10.05

ಮಾಹಿರಾ ಇನ್ನೂ ಒಳಗೆ ಹೋಗದೆ ಸೆಂಟರ್ ಗೇಟಿನಿಂದ ಕರೆ ಮಾಡಿದಳು. ಕಟ್ ಮಾಡಿದೆ. ಅವನು ಮಾಡಿದರೆ ಲೈನ್ ಸಿಗಬೇಕಲ್ಲ. ಇಲ್ಲಿಂದ ಹದಿನೈದು ನಿಮಿಷ. ಅಂದರೆ ಇನ್ನೂ ಹತ್ತು ನಿಮಿಷ ಕಾಯಬಹುದು.

10.12

ತಿರುವಿನಲ್ಲಿ ಯಾರೋ ಬಂದರು. ನೀಲಿ ಶರ್ಟು. ಅವನಲ್ಲ.

10.16

ಆಟೋದವರು ಎರಡು ಸಲ ಹಾರ್ನ್ ಹೊಡೆದರು. "ಮೇಡಂ, ಬರ್ತೀರೋ ಇಲ್ವೋ?" ಎರಡೇ ನಿಮಿಷ ಅಂದೆ. ಇನ್ನು ಎರಡೇ ನಿಮಿಷ.